ಚದುರಂಗದ ಪ್ರತಿಭೆ ಮತ್ತು ಧಣಿಯ ಮರ್ಜಿ

ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಎರಡು ಚಿನ್ನ, ಗುಕೇಶ್ ಅವರಿಗೆ ವಿಶ್ವ ಕಿರೀಟ: 2024 ಭಾರತದ ಚದುರಂಗಕ್ಕೆ ಸುಗ್ಗಿಯ ವರ್ಷ. ಈ ಸಂಭ್ರಮದಲ್ಲಿ ಅದೇ ವರ್ಷದ ಇನ್ನೊಂದು ಸುದ್ದಿ ಮರೆಯಾಯಿತು. 1966ರಲ್ಲಿ ತೀರಿಕೊಂಡ ಮೀರ್ ಸುಲ್ತಾನ್ ಖಾನ್ ಅವರಿಗೆ ವಿಶ್ವ ಚೆಸ್ ಸಂಸ್ಥೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿತು.

ಅವಿಭಜಿತ ಪಂಜಾಬಿನ ಸುಲ್ತಾನ್ ಖಾನ್, ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿದ್ದವರು. 1929ರಲ್ಲಿ ಧಣಿಯೊಂದಿಗೆ ಇಂಗ್ಲೆಂಡಿಗೆ ಹೋದವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್, ಕ್ಯೂಬಾದ ಕಾಪಾಬ್ಲಾಂಕಾ ಅವರನ್ನು 65 ನಡೆಗಳಲ್ಲಿ ಮಣಿಸಿದರು.

ಆ ಆಟದ ಆರಂಭವೇ ಸ್ವಾರಸ್ಯಕರ. ಕಪ್ಪು ಕಾಯಿಗಳ ಕಾಪಾಬ್ಲಾಂಕಾ ಆಯ್ದುಕೊಂಡದ್ದು ‘ಕ್ವೀನ್ಸ್ ಇಂಡಿಯನ್’ ರಕ್ಷಣೆ. ಮಂತ್ರಿ ಬದಿಯ ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ, ತೆರವಾದ ಮನೆಗೆ ಒಂಟೆಯನ್ನು ತಂದು, ಮಣೆಯ ನಡುಭಾಗವನ್ನು ದೂರದಿಂದಲೇ ಕಾಯುವ ತಂತ್ರವಿದು. ನಮ್ಮ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಇಡುತ್ತಿತ್ತು. ಇಂಥ ಸಾವಧಾನದ ಆರಂಭ ಇಲ್ಲಿನವರಿಗೆ ಸಹಜವಾಗಿತ್ತು. 1850ರ ದಶಕದಲ್ಲಿ ಕಲ್ಕತ್ತೆಯ ಮಹೇಶ್ಚಂದ್ರ ಬ್ಯಾನರ್ಜಿ ಬ್ರಿಟಿಷ್ ಆಟಗಾರ ಜಾನ್ ಕಾಕ್ರೇನ್ ಎದುರು ಈ ಬಗೆಯ ನಡೆಗಳನ್ನು ಆಡಿದ್ದು ದಾಖಲೆಯಲ್ಲಿದೆ. ಭಾರತದ ಹೆಸರು ಹೊತ್ತ ತಂತ್ರವನ್ನು ಕ್ಯೂಬಾದವರು ಹೂಡಿದರು. ಅದನ್ನು ಭೇದಿಸಿದವರು ದೇಶೀ ನಿಯಮದಲ್ಲಿ ಆಟ ಕಲಿತ ಭಾರತೀಯ!

ಆದರೆ 1933ರಲ್ಲಿ ಧಣಿ ಸ್ವದೇಶಕ್ಕೆ ಹೊರಟರು; ಮೂರು ಬಾರಿಯ ಬ್ರಿಟಿಷ್ ಚಾಂಪಿಯನ್ ಕೂಡ ಹಿಂದೆ ಬರಬೇಕಾಯಿತು. ಅಂತರರಾಷ್ಟ್ರೀಯ ಪಂದ್ಯಗಳ ಬಾಗಿಲು ಅಲ್ಲಿಗೇ ಮುಚ್ಚಿತು. ಪ್ರತಿಭೆ ಕುಂದಿರಲಿಲ್ಲ, ಆಸರೆ ತಪ್ಪಿತ್ತು.

ಅರಭಾವಿಯವನಾದ ನನಗೆ ಇದು ಬರೀ ಹಳೆಯ ಕಥೆಯೆನಿಸುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಯ ಹುಡುಗಿಯೊಬ್ಬಳು ಚೆನ್ನಾಗಿ ಆಡಿದಳೆನ್ನಿ. ಮಣೆಗೆ ಹೆಚ್ಚು ಹಣ ಬೇಡ. ಆದರೆ ಬೆಂಗಳೂರಿನ ಟೂರ್ನಿಗೆ ಪ್ರವೇಶ ಶುಲ್ಕ, ಪ್ರಯಾಣ, ವಸತಿ, ಜತೆಗೆ ಹೋಗುವ ತಂದೆಯ ದಿನಗೂಲಿ? ಊರಿನ ಉಳ್ಳವರೊಬ್ಬರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕದ ಮೊದಲಿಗರಾದ ಮೈಸೂರಿನ ತೇಜಕುಮಾರ್‌ಗಾಗಿ ನಾವು 2017ರವರೆಗೆ ಕಾಯಬೇಕಾಯಿತು.

ದಾನಿಗಳ ಔದಾರ್ಯ ದೊಡ್ಡದೇ. ಆದರೆ ಔದಾರ್ಯ ಹಕ್ಕಲ್ಲ. ತಾಲ್ಲೂಕಿಗೊಬ್ಬ ತರಬೇತುದಾರ, ಶಾಲೆಯಲ್ಲೊಂದು ಕನ್ನಡದ ಚದುರಂಗ ಪುಸ್ತಕ, ಅರ್ಹ ಮಕ್ಕಳಿಗೆ ಪ್ರಯಾಣ ವೆಚ್ಚ: ಸರ್ಕಾರಕ್ಕೆ ಇದು ಭಾರವೇನಲ್ಲ. ತೀರಿಹೋದ 58 ವರ್ಷಗಳ ಬಳಿಕ ಕೊಡುವ ಪದವಿಗಿಂತ, ಆಡುವ ವಯಸ್ಸಿನಲ್ಲಿ ಕೊಡುವ ಬಸ್ ಚೀಟಿ ಹೆಚ್ಚಿನ ಗೌರವ.