ಕೈಯಲ್ಲಿ ಹಿಡಿದ ಕಾಲ್ಮರಿ

ಆಷಾಢ ಏಕಾದಶಿಯ ದಿನ ನಮ್ಮ ವಡಾಲದ ವಿಠ್ಠಲ ಮಂದಿರದ ಸಾಲು ಎಷ್ಟು ಉದ್ದವಿರುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು. ಪಂಢರಪುರಕ್ಕೆ ಹೋಗಲಾಗದವರಿಗೆ ಇದೇ ಪ್ರತಿ ಪಂಢರಪುರ. ಆ ಮಳೆಯಲ್ಲೂ ಬರಿಗಾಲಲ್ಲಿ ಬರುವವರಿದ್ದಾರೆ. ಅದು ಹರಕೆ, ತಾವಾಗಿ ಬಿಟ್ಟ ಚಪ್ಪಲಿ. ಅಥಣಿ ಸೀಮೆಯಲ್ಲಿ ನನ್ನ ಅಜ್ಜ ಕಂಡ ಬರಿಗಾಲು ಬೇರೆ ಜಾತಿಯದು.

ಆಗ ಊರಲ್ಲಿ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಕಾಲ್ಮರಿ ಇರುತ್ತಿದ್ದದ್ದೇ ಅಪರೂಪ. ಜಾಲಿಮುಳ್ಳು ಚುಚ್ಚಿದರೆ ಸೂಜಿಯಿಂದ ತೆಗೆದು ಮತ್ತೆ ಓಟ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದಲೇ ಮೈ ಸೇರಿ ರಕ್ತ ಹೀರುತ್ತದೆಂದು ಯಾರಿಗೆ ಗೊತ್ತಿತ್ತು?

ಇಷ್ಟೇ ಆಗಿದ್ದರೆ ಬಡತನ ಎಂದು ಸುಮ್ಮನಾಗಬಹುದಿತ್ತು. ಆದರೆ ಅಜ್ಜ ಸಮಗಾರ, ಊರಿಗೆಲ್ಲ ಕಾಲ್ಮರಿ ಹೊಲಿದು ಕೊಡುತ್ತಿದ್ದವನು. ಎಮ್ಮೆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದಮಾಡಿ, ಒಂದು ಮೊಳೆಯನ್ನೂ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿದ ಜೋಡು. ಅದನ್ನೇ ಇವತ್ತು ದಾದರಿನಲ್ಲಿ ‘ಕೊಲ್ಹಾಪುರಿ’ ಎಂದು ಕೊಳ್ಳುತ್ತೇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಪಟ್ಟಿಯಲ್ಲಿದ್ದ ಎಂಟು ಜಿಲ್ಲೆಗಳಲ್ಲಿ ನಾಲ್ಕು ಕರ್ನಾಟಕದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. (ಮರಾಠಿ ಗೆಳೆಯರೊಡನೆ ಈ ಮಾತು ತೆಗೆದರೆ ಚಹಾ ತಣ್ಣಗಾಗುವುದು ಖಂಡಿತ.)

ಇಂಥ ಅಜ್ಜ ವಾಡೆಯ ಮುಂದೆ ಹಾಯುವಾಗ ತಾನೇ ಹೊಲಿದ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ದಾಟಿದ ಮೇಲೆ ಮತ್ತೆ ಮೆಟ್ಟುವುದು. "ಯಾಕಜ್ಜಾ?" ಎಂದು ಕೇಳಿದರೆ, "ರೂಢಿ, ತಮ್ಮಾ" ಎನ್ನುತ್ತಿದ್ದ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಹೊಲಿದ ಪಾದರಕ್ಷೆಯನ್ನು ಬಸವಣ್ಣ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಕಥೆಯನ್ನು ಅದೇ ಊರಿನ ಕಟ್ಟೆಯಲ್ಲಿ ಭಕ್ತಿಯಿಂದ ಹೇಳುತ್ತಿದ್ದರು. ಕಥೆ ಕೇಳಿ ಎದ್ದವರು ಅಜ್ಜನ ಕಾಲಿನತ್ತ ನೋಡುತ್ತಿದ್ದರು.

ಅಪ್ಪ ಮುಂಬಯಿ ಸೇರಿದ ಮೇಲೆ ಮೊದಲ ಪಗಾರದಲ್ಲಿ ಕೊಂಡದ್ದು ಕರಿ ಬೂಟು. ಹಾರ್ಬರ್ ಲೈನಿನ ಗದ್ದಲದಲ್ಲಿ ಯಾರ ಕಾಲನ್ನು ಯಾರು ತುಳಿದರೂ ಜಾತಿ ಕೇಳುವವರಿಲ್ಲ ಎಂಬುದೇ ಅವರಿಗೆ ಈ ಊರು ಹಿಡಿಸಲು ಮುಖ್ಯ ಕಾರಣ. ಜಾತ್ರೆಗೆ ಹೋದಾಗ ಅದೇ ಬೂಟಿನಲ್ಲಿ ವಾಡೆಯ ಮುಂದೆ ನಡೆದರು. ಯಾರೂ ಏನೂ ಅನ್ನಲಿಲ್ಲ. ಹಿಂದೆ ಅಜ್ಜ ಮಾತ್ರ ಕಾಲ್ಮರಿ ಕೈಯಲ್ಲಿ ಹಿಡಿದೇ ಬಂದ.

ಇದೆಲ್ಲ ಹಳೆಯ ಮಾತು ಅನ್ನುವವರಿದ್ದಾರೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ನೋಡಿ. ಸೈಕಲ್ ಹತ್ತುವುದು, ಮದುವೆ ಮೆರವಣಿಗೆ, ಹೊಸ ಬಟ್ಟೆ ಇವುಗಳ ಜೊತೆಗೆ ಪಾದರಕ್ಷೆ ಮೆಟ್ಟುವುದನ್ನು ತಡೆಯುವುದೂ ಅಪರಾಧವೆಂದು ಅದರಲ್ಲಿ ಹೆಸರಿಸಿ ಬರೆದಿದ್ದಾರೆ. ಅಜ್ಜ ಇದ್ದಿದ್ದರೆ ಓದಿ ಹೇಳುತ್ತಿದ್ದೆ.