ದೇವರ ಜೊತೆ ಡೀಲು

ಹಾಡಿನ ಹೆಸರಿನಲ್ಲಿ ‘ದೇವರು’ ಇದ್ದರೆ ರೇಡಿಯೊದವರು ಅದನ್ನು ಹಾಕುವುದಿಲ್ಲ ಎಂಬ ಭಯ 1985ರಲ್ಲಿ ಇಂಗ್ಲೆಂಡಿನ ಇಎಂಐ ಕಂಪನಿಗೆ ಹುಟ್ಟಿತು. ಕೇಟ್ ಬುಷ್ ತಾನೇ ಬರೆದು, ರಾಗ ಹಾಕಿ, ಹಾಡಿದ್ದ ಆ ಹಾಡಿಗೆ ಇಟ್ಟಿದ್ದ ಹೆಸರು ‘ಎ ಡೀಲ್ ವಿತ್ ಗಾಡ್’. ಇಟಲಿ, ಫ್ರಾನ್ಸ್, ಐರ್ಲೆಂಡ್‌ನಂಥ ದೇಶಗಳಲ್ಲಿ ಇದು ನಡೆಯದು ಎಂದರು. ಆಕೆಯ ಹಿಂದಿನ ಆಲ್ಬಂ ‘ದಿ ಡ್ರೀಮಿಂಗ್’ ಕಂಪನಿ ಅಂದುಕೊಂಡಷ್ಟು ಓಡಿರಲಿಲ್ಲ. ಅಪ್ಪ ಅಮ್ಮನ ಮನೆಯ ಪಕ್ಕದಲ್ಲೇ ಸ್ವಂತ ಸ್ಟುಡಿಯೋ ಕಟ್ಟಿಕೊಂಡು ಹೊಸ ಆಲ್ಬಂಗೆ ವರ್ಷಗಟ್ಟಲೆ ದುಡಿದಿದ್ದಳು. ಮೊದಲು ಬೇರೆ ಹಾಡು ಬಿಡೋಣ ಎಂದಿದ್ದ ಕಂಪನಿ ಆಕೆಯ ಹಟಕ್ಕೆ ಮಣಿದು ಇದನ್ನೇ ಮೊದಲು ಬಿಟ್ಟಿತು. ಆಕೆ ಹೆಸರಿನ ವಿಷಯದಲ್ಲಿ ಮಣಿದಳು. ಹಾಡು ‘ರನ್ನಿಂಗ್ ಅಪ್ ದಟ್ ಹಿಲ್’ ಆಯಿತು, ದೇವರು ಬ್ರಾಕೆಟ್ಟಿನೊಳಗೆ ಹೋದ.

ಡೀಲ್ ಏನೆಂದರೆ ಗಂಡು ಹೆಣ್ಣು ಎಷ್ಟೇ ಪ್ರೀತಿಸಲಿ, ಒಬ್ಬರಿಗೊಬ್ಬರು ಪೂರ್ತಿ ಅರ್ಥವಾಗುವುದಿಲ್ಲ. ಸ್ವಲ್ಪ ಹೊತ್ತು ಜಾಗ ಅದಲುಬದಲು ಮಾಡಿಕೊಂಡರೆ ಅರ್ಥವಾದೀತು, ಅದಕ್ಕೆ ದೇವರು ಒಪ್ಪಬೇಕು. ನಾವಾದರೆ ಪರಕಾಯ ಪ್ರವೇಶ ಎನ್ನುತ್ತೇವೆ. ಹರಕೆ ನಮಗೆ ಹೊಸತಲ್ಲ, ಆದರೆ ಅದರಲ್ಲಿ ನಾವು ಕೊಡುವುದು ಕಾಯಿ, ಕಾಣಿಕೆ, ಮುಡಿ. ಇಲ್ಲಿ ಆಕೆ ಕೊಡಲು ಹೊರಟಿರುವುದು ತನ್ನ ಜಾಗವನ್ನೇ. ಮೊದಲು ಸೈತಾನನ ಜೊತೆಗಿನ ಒಪ್ಪಂದ ಎಂದು ಯೋಚಿಸಿ, ಆಮೇಲೆ ದೇವರ ಜೊತೆಗಿನದೇ ಹೆಚ್ಚು ಗಟ್ಟಿ ಎನಿಸಿತಂತೆ. ಸೈತಾನ ಬ್ರಾಕೆಟ್ ಇಲ್ಲದೆಯೇ ಪಾಸಾಗುತ್ತಿದ್ದನೋ ಏನೋ!

ಹಾಡು ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ ಮೂವತ್ತಕ್ಕೆ ನಿಂತಿತು. ಕೇಟ್ ಮತ್ತು ಒಬ್ಬ ನರ್ತಕ ಒಬ್ಬರನ್ನೊಬ್ಬರು ಎಳೆದು, ಬಿಟ್ಟು, ಹಿಡಿಯುವ ನೃತ್ಯದ ವಿಡಿಯೋ ಇತ್ತು. ಎಂಟಿವಿ ಅದನ್ನು ಬದಿಗಿಟ್ಟು ಟಿವಿ ಕಾರ್ಯಕ್ರಮವೊಂದರ ತುಣುಕನ್ನು ತೋರಿಸಿತು. ಹಾಡಿನ ಅರ್ಥ ಆ ನೃತ್ಯದಲ್ಲೇ ಇತ್ತು, ಅದನ್ನೇ ಬಿಟ್ಟರು.

ಮುಂದಿನದು ನಿಮಗೂ ಗೊತ್ತಿರಬಹುದು. 2022ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನ ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೆಯ ಸೀಸನ್ ಬಂತು. ಅದರಲ್ಲಿ ಮ್ಯಾಕ್ಸ್ ಎಂಬ ಹುಡುಗಿ ವಾಕ್‌ಮನ್‌ನಲ್ಲಿ ಇದೇ ಹಾಡು ಕೇಳುತ್ತಾಳೆ, ಸಾವಿನ ಬಾಯಿಂದ ಅವಳನ್ನು ಎಳೆದು ತರುವುದೂ ಇದೇ ಹಾಡು. ಜೂನ್ 17ಕ್ಕೆ, ಬಿಡುಗಡೆಯಾದ 37 ವರ್ಷಕ್ಕೆ, ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿನ ಚಾರ್ಟ್‌ನಲ್ಲಿ ಹಳೆಯ ಹಾಡುಗಳ ಸ್ಟ್ರೀಮಿಂಗ್‌ಗೆ ಅರ್ಧ ಲೆಕ್ಕ ಹಾಕುವ ನಿಯಮವಿದೆ, ಹೊಸಬರಿಗೆ ಜಾಗ ಸಿಗಲಿ ಎಂದು. ಈ ಹಾಡಿಗೆ ಅದನ್ನು ಸಡಿಲಿಸಬೇಕಾಯಿತು. ಕೇಟ್‌ಗೆ ಆಗ 63. ‘ವುದರಿಂಗ್ ಹೈಟ್ಸ್’ನಿಂದ ಮೊದಲ ಸಲ ಆ ಸ್ಥಾನಕ್ಕೇರಿದ್ದು 1978ರಲ್ಲಿ, 19ರ ವಯಸ್ಸಿಗೆ. ಅಮೆರಿಕದಲ್ಲೂ ಈ ಸಲ ಮೂರನೆಯ ಸ್ಥಾನ.

ಹಳೆಯ ಅಭಿಮಾನಿಗಳಲ್ಲಿ ಕೆಲವರು ಗೊಣಗಿದರು: ಟಿವಿ ನೋಡಿ ಬಂದವರಿಗೆ ಹಾಡು ಏನು ಗೊತ್ತು? ನನಗೆ ಈ ಗೊಣಗಾಟ ಒಪ್ಪಿಗೆಯಿಲ್ಲ. ಮ್ಯಾಕ್ಸ್‌ಳ ಮಲ ಅಣ್ಣ ಅವಳ ಕಣ್ಣೆದುರೇ ಸತ್ತಿದ್ದಾನೆ. ತಾನು ಏನಾದರೂ ಮಾಡಬಹುದಿತ್ತೆಂಬ ಕೊರಗು ಅವಳನ್ನು ತಿನ್ನುತ್ತಿದೆ. ಅವಳ ಕಿವಿಯಲ್ಲಿ ಜಾಗ ಬದಲಿಸುವ ಮಾತು ಗಂಡು ಹೆಣ್ಣಿನದಲ್ಲ, ಉಳಿದವರದು ಮತ್ತು ಹೋದವರದು. ಹುಮಾಯೂನನ ಹಾಸಿಗೆ ಸುತ್ತು ಬಂದು, ಇವನ ಬದಲು ನನ್ನನ್ನು ಕರೆದುಕೋ ಎಂದು ಬಾಬರ್ ಬೇಡಿಕೊಂಡ ಕಥೆಯನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಡೀಲು. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ರಾತ್ರಿ ಕಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಂದ ನಡುರಾತ್ರಿ ಫೋನ್ ಬಂದು, ಸಿಕ್ಕಿದ ರೈಲು ಹತ್ತಿದ ನಮ್ಮಂಥವರಿಗಂತೂ ಬೇಡವೇ ಬೇಡ.

ಕೇಟ್ ಬರೆದದ್ದು ಒಂದು, ಈ ಮಕ್ಕಳು ಕೇಳಿಸಿಕೊಂಡದ್ದು ಇನ್ನೊಂದು. ಎರಡಕ್ಕೂ ಬೇಕಾಗಿದ್ದು ಮಾತ್ರ ಕಂಪನಿ ಹೆದರಿದ್ದ ಆ ಒಂದು ಪದವೇ. ದೇವರನ್ನು ತೆಗೆದುಬಿಟ್ಟರೆ ಅದು ಬರೀ ಬೆಟ್ಟ ಹತ್ತುವ ಹಾಡು. ಕೇಟ್ ಮಾತ್ರ ಗೊಣಗಲಿಲ್ಲ. ಸರಣಿಯನ್ನು ಮೆಚ್ಚಿ, ಹೊಸ ಕೇಳುಗರಿಗೆ ತನ್ನ ವೆಬ್‌ಸೈಟಿನಲ್ಲಿ ಧನ್ಯವಾದ ಹೇಳಿದಳು.

ಈ ಒಂದು ಹಾಡು ಕೇಳಿ ಆಪ್ ಮುಚ್ಚಿದವರಿಗೆ ಒಂದು ಮಾತು. ಇದು ‘ಹೌಂಡ್ಸ್ ಆಫ್ ಲವ್’ ಆಲ್ಬಂನ ಮೊದಲ ಹಾಡು. ಅದರ ದ್ವಿತೀಯಾರ್ಧಕ್ಕೆ ‘ದಿ ನೈಂತ್ ವೇವ್’ ಎಂದು ಹೆಸರು. ರಾತ್ರಿಯಿಡೀ ಸಮುದ್ರದಲ್ಲಿ ಒಬ್ಬಳೇ ತೇಲುತ್ತ, ನಿದ್ದೆ ಹೋಗದಿರಲು ಹೆಣಗುವ ಹೆಂಗಸಿನ ಏಳು ಹಾಡುಗಳು ಅದರಲ್ಲಿವೆ. ಲೋಕಲ್‌ನಲ್ಲಿ ಬೇಡ. ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಮಧ್ಯೆ ಎಲ್ಲೂ ನಿಲ್ಲಿಸದೆ ಕೇಳಿ.