ಹಳೆ ನಂಬರ್, ಹೊಸ ನಂಬರ್

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮಾಸ್ತರರ ಮಗಳು ಫೋನ್ ಮಾಡಿದ್ದಳು. ಮಾಸ್ತರರು ತೀರಿಕೊಂಡು ಮೂರು ವರ್ಷವಾಯಿತು. ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಅದೇ ಶಾಲೆಯಲ್ಲಿ ಪಾಠ ಹೇಳಿದರು. ಆ ದಿನಗಳ ಬಗ್ಗೆ ನಮ್ಮ ಬಳಗದ ಮೈಲಿಂಗ್ ಲಿಸ್ಟಿಗೆ 2004ರಿಂದ ಎರಡು ವರ್ಷ ಕಂತು ಕಂತಾಗಿ ಬರೆದಿದ್ದರು. ಅದನ್ನೆಲ್ಲ ಒಟ್ಟು ಮಾಡಿ ಒಂದು ಸಣ್ಣ ಪುಸ್ತಕ ಮಾಡಬೇಕೆಂದು ಮಗಳ ಆಸೆ.

"ಅಂಕಲ್, ಪಪ್ಪನ ಕೊನೆಯ ಕಂತಿನಲ್ಲಿ ಏಳು ಲಿಂಕ್ ಕೊಟ್ಟಿದ್ದಾರೆ. ಒಂದನ್ನು ಒತ್ತಿದರೆ ಡೊಂಬಿವಲಿಯಲ್ಲಿ ಪೇಯಿಂಗ್ ಗೆಸ್ಟ್ ಬೇಕಾಗಿದ್ದಾರೆ ಅಂತ ಬರ್ತದೆ. ಇನ್ನೊಂದರಲ್ಲಿ ಗಣೇಶೋತ್ಸವದ ಲೆಕ್ಕ ಉಂಟು. ಮೂರು ತೆರೆಯುವುದೇ ಇಲ್ಲ. ನಾನೇನಾದ್ರೂ ತಪ್ಪು ಮಾಡ್ತಾ ಇದ್ದೇನಾ?"

ಅವಳದ್ದೇನೂ ತಪ್ಪಿಲ್ಲ. ತಪ್ಪು ಮಾಡಿದವನು ನಾನು, ಅದೂ 2011ರಲ್ಲಿ!

ಆಗ ಲಿಸ್ಟಿನ ಹಳೆಯ ಮೈಲುಗಳನ್ನೆಲ್ಲ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಕಾರಣ ಇಷ್ಟೇ, ಬ್ಯಾಂಕಿನವನು, ಲೆಕ್ಕ ಸರಿಯಾಗಿಡುತ್ತಾನೆ ಅಂತ. ನಮ್ಮದು ಮೈಲ್‌ಮ್ಯಾನ್ ಎಂಬ ತಂತ್ರಾಂಶ. ಅದರ ಹಳೆಯ ಆವೃತ್ತಿಯಲ್ಲಿ ಪೈಪರ್‌ಮೈಲ್ ಅನ್ನುವ ಭಾಗವೊಂದಿದೆ. ಬಂದ ಮೈಲುಗಳಿಗೆ ಸಾಲಾಗಿ ಕ್ರಮಸಂಖ್ಯೆ ಕೊಟ್ಟು, ತಿಂಗಳಿಗೊಂದು ಕಪಾಟು ಮಾಡಿ ಜೋಡಿಸುವುದು ಅದರ ಕೆಲಸ. ಆ ತಿಂಗಳು ಮತ್ತು ಆ ಕ್ರಮಸಂಖ್ಯೆ ಸೇರಿದರೆ ಮೈಲಿನ ವಿಳಾಸ. ಅಸಲು ಮೈಲುಗಳೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಒಂದರ ಹಿಂದೊಂದು ಇರುತ್ತವೆ. ನಾನು ಸಾಗಿಸುವ ಮೊದಲು ಮನೆ ಗುಡಿಸುವ ಉತ್ಸಾಹದಲ್ಲಿ ಆ ಕಡತದಿಂದ ಲಾಟರಿ, ಔಷಧಿ ಜಾಹೀರಾತಿನ ಅರುವತ್ತೊಂದು ಕಸದ ಮೈಲು ಕಿತ್ತು ಹಾಕಿದೆ. ಆಮೇಲೆ ಹೊಸದಾಗಿ ಜೋಡಿಸಲು ಆಜ್ಞೆ ಕೊಟ್ಟೆ. ಅದು ಪಾಪ, ಮೊದಲಿನಿಂದ ಮತ್ತೆ ಎಣಿಸಿತು. ಕಿತ್ತ ಮೊದಲ ಮೈಲಿನಿಂದಾಚೆಗೆ ಎಲ್ಲರ ನಂಬರೂ ಹಿಂದಕ್ಕೆ ಸರಿಯಿತು.

ಮೈಲು ಒಂದೂ ಕಳೆದಿರಲಿಲ್ಲ. ಎಲ್ಲರೂ ಭೇಷ್ ಅಂದರು. ಆದರೆ "ನಾನು ಹಿಂದೆ ಬರೆದಿದ್ದೆನಲ್ಲ, ಇಲ್ಲಿ ನೋಡಿ" ಎಂದು ಒಬ್ಬರಿಗೊಬ್ಬರು ಕೊಟ್ಟುಕೊಂಡ ಕೊಂಡಿಗಳೆಲ್ಲ ಪಕ್ಕದ ಮನೆಯ ಬಾಗಿಲು ತಟ್ಟತೊಡಗಿದವು. ತಿಂಗಳ ಕೊನೆಯಲ್ಲಿದ್ದವಕ್ಕೆ ಆ ಬಾಗಿಲೂ ಇಲ್ಲ, ಏಕೆಂದರೆ ಆ ನಂಬರು ಈಗ ಮುಂದಿನ ತಿಂಗಳ ಕಪಾಟಿನಲ್ಲಿ.

ಬ್ಯಾಂಕಿನಲ್ಲಿ ನಾನು ಹೀಗೆ ಮಾಡಿದ್ದರೆ ಕೆಲಸ ಉಳಿಯುತ್ತಿರಲಿಲ್ಲ. ಲೆಡ್ಜರಿನಲ್ಲಿ ತಪ್ಪು ನಮೂದಾದರೆ ಅಳಿಸುವುದಿಲ್ಲ, ಹಾಳೆ ಹರಿಯುವುದಿಲ್ಲ. ಕೆಂಪು ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕುತ್ತೇವೆ. ರದ್ದಾದ ಚೆಕ್ಕಿನ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಬಿ.ಕಾಂ. ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ಈ ನೀತಿ, ಮನೆಯ ಕಂಪ್ಯೂಟರ್ ಮುಂದೆ ಕೂತಾಗ ನನಗೆ ನೆನಪಾಗಲಿಲ್ಲ. ಕಸದ ಮೈಲಿನ ಜಾಗದಲ್ಲಿ "ತೆಗೆದು ಹಾಕಲಾಗಿದೆ" ಎಂಬ ಒಂದು ಸಾಲು ಬಿಟ್ಟಿದ್ದರೆ ಸಾಕಿತ್ತು.

ತೆರೆಯದ ಕೊಂಡಿಗಿಂತ ತಪ್ಪು ಕಡೆಗೆ ತೆರೆಯುವ ಕೊಂಡಿಯೇ ಹೆಚ್ಚು ಅಪಾಯ ಅನ್ನುವುದು ನನ್ನ ಅಭಿಪ್ರಾಯ. 404 ಅಂತ ಬಂದರೆ ಏನೋ ಕಳೆದಿದೆ ಎಂದಾದರೂ ತಿಳಿಯುತ್ತದೆ, ಹುಡುಕುತ್ತೇವೆ. ಚೆಕ್ ಬೌನ್ಸ್ ಆದ ಹಾಗೆ. ತಪ್ಪು ಮೈಲು ತೆರೆದುಕೊಂಡರೆ ಅದು ಬೇರೆಯವರ ಖಾತೆಗೆ ಜಮೆಯಾದ ಹಣ. ಯಾರಾದರೂ ಬಂದು ಕೇಳುವವರೆಗೂ ಸದ್ದಿಲ್ಲ. ನಮ್ಮಲ್ಲಿ ಆ ಕೇಳುವವರು ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಯಾಹೂ ಗ್ರೂಪ್ಸ್ 2019ರಲ್ಲಿ ಹಳೆಯ ಮೈಲು, ಫೋಟೋ, ಕಡತಗಳನ್ನು ತೆಗೆಯುವುದಾಗಿ ಹೇಳಿ, 2020ರ ಡಿಸೆಂಬರ್ 15ಕ್ಕೆ ಪೂರ್ತಿ ಮುಚ್ಚಿತು. ಸಾವಿರಾರು ಮೈಲಿಂಗ್ ಲಿಸ್ಟುಗಳನ್ನು ಒಂದೆಡೆ ಸೇರಿಸಿದ್ದ ಜಿಮೇನ್ ತಾಣದ ಪುಟಗಳು 2016ರಲ್ಲಿ ನಿಂತವು. ತಂತ್ರಾಂಶ ಬರೆಯುವವರು ತಮ್ಮ ಚರ್ಚೆಗಳಲ್ಲಿ ಕೊಟ್ಟಿದ್ದ ಅಲ್ಲಿನ ಕೊಂಡಿಗಳು ಒಮ್ಮೆಲೇ ಅನಾಥವಾದವು. ಅಮೆರಿಕದ ಪ್ಯೂ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಾಗಿವೆ. ಅಂತರ್ಜಾಲದ ಈ ಕೊಂಡಿಗಳ ವ್ಯವಸ್ಥೆಯನ್ನೇ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸ ಬದಲಿಸಬೇಡಿ ಎಂದು ಒಂದು ಲೇಖನ ಬರೆದಿದ್ದರು. ನಾವು ಕೇಳಬೇಕಲ್ಲ!

ಬದಲಾವಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ವಲಸೆ ಬಂದವರಿಗೆ ಯಾರೂ ಅದನ್ನು ಹೇಳಿಕೊಡಬೇಕಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಿಂಡಿಕೇಟ್ ಶಾಖೆಗಳ ಐ.ಎಫ್.ಎಸ್.ಸಿ. ಕೋಡು ಬದಲಾಯಿತು. ಆದರೆ ಹೇಗೆ? ಹಳೆಯ ಶಾಖೆ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರೆ ಹೊಸದು. ಹಳೆಯ ಕೋಡುಗಳು 2021ರ ಜೂನ್ ಕೊನೆಯವರೆಗೆ ನಡೆದವು. ಅಂದರೆ ಹಳೆಯದರಿಂದ ಹೊಸದಕ್ಕೆ ಒಂದು ನಿಯಮ ಇತ್ತು, ಒಂದು ಗಡುವೂ ಇತ್ತು. ಜಾಲಪುಟಕ್ಕೂ ಇಂಥ ಏರ್ಪಾಡು ಇದೆ. 301 ಎಂಬ ಸಂಕೇತ ಕೊಟ್ಟರೆ ಹಳೆ ವಿಳಾಸಕ್ಕೆ ಬಂದವರನ್ನು ಕಂಪ್ಯೂಟರೇ ಹೊಸ ವಿಳಾಸಕ್ಕೆ ಕಳಿಸುತ್ತದೆ. ಪೋಸ್ಟಿನವರು ರೀಡೈರೆಕ್ಟ್ ಮಾಡಿದ ಹಾಗೆ.

"ಹಳೇ ಮೈಲು ಯಾರು ಓದ್ತಾರೆ ಸ್ವಾಮಿ, ದುಡ್ಡು ಯಾರು ಕೊಡ್ತಾರೆ?" ಎಂದು ಕೇಳುವ ಮಿತ್ರರಿದ್ದಾರೆ. ಓದುವವರು ಕಡಿಮೆ, ಒಪ್ಪಿದೆ. ಲಾಕರನ್ನೂ ಜನ ವರ್ಷಕ್ಕೊಮ್ಮೆ ತೆರೆಯುತ್ತಾರೆ, ಹಾಗೆಂದು ನಾವು ಬೀಗದ ಕೈ ಬದಲಿಸುತ್ತೇವೆಯೇ? ಇನ್ನು ಕೆಲವರು "ಅಂದು ಬರೆದದ್ದು ಇಂದು ಎಲ್ಲರ ಕಣ್ಣಿಗೆ ಬೀಳುವುದು ಬೇಡ" ಎನ್ನುತ್ತಾರೆ. ಈ ಮಾತಿಗೆ ತೂಕವಿದೆ. ಬರೆದವರೇ ಕೇಳಿದರೆ ಖಂಡಿತ ತೆಗೆಯಬೇಕು. ಆದರೆ ಒಬ್ಬರು ಖಾತೆ ಮುಚ್ಚಿದರೆಂದು ಉಳಿದವರ ಖಾತೆ ಸಂಖ್ಯೆ ಬದಲಾಗಬಾರದು.

ಹಾಗಾಗಿ, ಇಂಥ ಕೆಲಸ ಹೊತ್ತುಕೊಳ್ಳುವವರಿಗೆ ನನ್ನ ನಾಲ್ಕು ಮಾತು. ಅಸಲು ಕಡತವನ್ನು ಮುಟ್ಟದೆ ಒಂದು ಪ್ರತಿ ಬೇರೆ ಇಡಿ. ಸಾಗಿಸುವ ಮೊದಲು ಹಳೆ ವಿಳಾಸಗಳ ಪಟ್ಟಿ ಮಾಡಿ, ಹೊಸದನ್ನು ಎದುರಿಗೆ ಬರೆಯಿರಿ. ಸಾಧ್ಯವಿದ್ದರೆ ಕ್ರಮಸಂಖ್ಯೆಯ ಬದಲು ಪ್ರತಿ ಮೈಲಿನ ತಲೆಯಲ್ಲೇ ಇರುವ ಮೆಸೇಜ್-ಐಡಿಯಿಂದ ವಿಳಾಸ ಮಾಡಿ. ಮೈಲ್‌ಮ್ಯಾನ್ 3ರ ಹೈಪರ್‌ಕಿಟ್ಟಿ ಮಾಡುವುದು ಇದನ್ನೇ, ಲಿನಕ್ಸ್ ಕರ್ನೆಲ್‌ನವರ ಸಂಗ್ರಹವೂ ಹೀಗೇ ಇದೆ. ಅಕ್ಕಪಕ್ಕದ ಮೈಲು ಹೋದರೂ ಇದರ ವಿಳಾಸ ಅಲ್ಲಾಡುವುದಿಲ್ಲ. ಕೊನೆಯದು ಬರೆಯುವವರಿಗೆ. ಬರೀ ಲಿಂಕ್ ಕೊಡಬೇಡಿ, ಯಾರು ಬರೆದದ್ದು, ಯಾವ ತಾರೀಕು, ಯಾವ ವಿಷಯ ಎಂದೂ ಒಂದು ಸಾಲು ಸೇರಿಸಿ. ಕೊಂಡಿ ಸತ್ತರೂ ಆ ಸಾಲು ದಾರಿ ತೋರುತ್ತದೆ.

ನಮ್ಮ ಕಥೆ ಏನಾಯಿತು ಅಂತೀರಾ? ಪುಣೆಯಲ್ಲಿರುವ ಹಳೆಯ ಸದಸ್ಯರೊಬ್ಬರು 2011ಕ್ಕಿಂತ ಮೊದಲಿನ ಕಡತವನ್ನು ಒಂದು ಸಿ.ಡಿ.ಯಲ್ಲಿ ಇಟ್ಟುಕೊಂಡಿದ್ದರು. ಪುಣ್ಯಾತ್ಮರು! ಎರಡು ಶನಿವಾರ ಕೂತು, ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡುವ ಹಾಗೆ ಹಳೆ ನಂಬರು, ಹೊಸ ನಂಬರು ಎದುರುಬದುರು ಬರೆದೆ. ಆದರೆ ಸುಮ್ಮನೆ ಹಳೆ ನಂಬರಿಗೆ ಮರಳುವಂತಿಲ್ಲ. 2011ರ ನಂತರ ಕೊಟ್ಟ ಕೊಂಡಿಗಳು ಹೊಸ ನಂಬರಿನವು, ಅವು ಮುರಿಯುತ್ತವೆ. ಒಂದೇ ವಿಳಾಸಕ್ಕೆ ಇಬ್ಬರು ಹಕ್ಕುದಾರರು.

ಆಗ ನೆನಪಾದದ್ದು ಚೆನ್ನೈ. ವರ್ಗವಾಗಿ ಅಲ್ಲಿ ಮೂರು ವರ್ಷ ಇದ್ದೆ. ಅಲ್ಲಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಹಳೆ ನಂಬರ್, ಹೊಸ ನಂಬರ್ ಎರಡೂ ಬರೆದಿರುತ್ತಾರೆ. ಮೊದಮೊದಲು ನಗುತ್ತಿದ್ದೆ. ಈಗ ನಮ್ಮ ಸಂಗ್ರಹದ ಪ್ರತಿ ಮೈಲಿನ ಮೇಲೂ ಅಂಥದೇ ಒಂದು ಸಾಲು ಹಾಕಿದ್ದೇವೆ: "2011ಕ್ಕಿಂತ ಮೊದಲು ಬರೆದ ಕೊಂಡಿಯಿಂದ ಬಂದಿದ್ದರೆ, ನೀವು ಹುಡುಕುವ ಮೈಲು ಇಲ್ಲಿದೆ." ತಿಂಗಳ ಕೊನೆಯ ಖಾಲಿ ವಿಳಾಸಗಳಿಗೆ ಗೊಂದಲವಿಲ್ಲ, ಅವನ್ನು ನೇರ ಕಳಿಸಿದ್ದೇವೆ.

ಮಾಸ್ತರರ ಏಳು ಕೊಂಡಿಗಳಲ್ಲಿ ಐದು ಸಿಕ್ಕಿದವು. ಉಳಿದೆರಡು ರಾತ್ರಿ ಶಾಲೆಯ ಫೋಟೋಗಳು. ಉಚಿತ ಜಾಗವೊಂದರಲ್ಲಿ ಇಟ್ಟಿದ್ದರು, ಆ ಜಾಗವೇ ಈಗ ಇಲ್ಲ. ಮಗಳಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಫೋಟೋದಲ್ಲಿ ಯಾರ್ಯಾರು ಇದ್ದಾರೆ ಅಂತ ಪಪ್ಪ ಮೈಲಿನಲ್ಲಿ ಬರೆದಿದ್ದಾರೆ ಅಂಕಲ್, ಅದನ್ನೇ ಹಾಕ್ತೇನೆ" ಎಂದಳು.

ನಿಮ್ಮ ಹತ್ತಿರ ಹಳೆಯ ಸಿ.ಡಿ., ಹಾರ್ಡ್ ಡಿಸ್ಕ್ ಇದ್ದರೆ ಈ ಭಾನುವಾರ ಒಮ್ಮೆ ತೆಗೆದು ನೋಡಿ. ಯಾರದ್ದೋ ಅಪ್ಪ ಅದರಲ್ಲಿರಬಹುದು.